ಜಮಾದಾರರ ಬಲಗೈ ಮತ್ತು ಮೋಟರ್ ಸೈಕಲ್

ದಡ್ಡತನಕ್ಕೆ ಮದ್ದಿಲ್ಲ ಎಂದು ಹಿರಿಯರು ಬರೀ ಬಾಯಲ್ಲಿ ಹೇಳಿಹೋದರು. ನಾನು ಅದನ್ನು ಸರ್ಕಾರಿ ಸಂಬಳ ತೆಗೆದುಕೊಂಡು ಇಪ್ಪತ್ತೆಂಟು ವರ್ಷ ಕಣ್ಣಾರೆ ನೋಡಿದೆ. ಗೋಣಿಕೊಪ್ಪಲಿನ ಆಸ್ಪತ್ರೆಯಲ್ಲಿ ನಾನು ಕಾಂಪೌಂಡರ್. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ಆರು ದಿನ ಊರಿನ ಕೆಮ್ಮು, ಕಜ್ಜಿ, ಚಳಿಜ್ವರಗಳಿಗೆಲ್ಲ ನಾನೇ ದಿಕ್ಕು. ಇಂಗ್ಲಿಷರ ಕಾಲ ಅದು. ಜ್ವರ ಬಡವರಿಗೆ ಬರುತ್ತಿತ್ತು, ಬಡವರು ಸುಮ್ಮನೆ ಔಷಧ ಕುಡಿದು ಹೋಗುತ್ತಿದ್ದರು. ದೊಡ್ಡ ಮನುಷ್ಯರಿಗೆ ಬರುವಂಥ ಒಂದು ಕಾಯಿಲೆ ನಮ್ಮ ಕಡೆ ಇರಲೇ ಇಲ್ಲ. ಆ ಕೊರತೆಯನ್ನು ನೀಗಿಸಲು ಹಡಗಿನಲ್ಲಿ ಒಂದು ಮೋಟರ್ ಸೈಕಲ್ ಬಂತು. ಆ ಒಂದೇ ಗಾಡಿ ಕೈಯಿಂದ ಕೈಗೆ ದಾಟಿತು, ದಾಟಿದ ಕೈಯನ್ನೆಲ್ಲ ನನ್ನ ಬಾಗಿಲಿಗೆ ಕಳಿಸಿತು.

೧. ಕೈಗೆ ಜ್ವರ

ಗಾಡಿ ತರಿಸಿದವನು ಹತ್ತಿರದ ಕಾಫಿ ಎಸ್ಟೇಟಿನ ದೊರೆ. ತರಿಸಿದ ವಾರವೇ ತನ್ನ ಕುದುರೆಯನ್ನು ಮಾರಿಬಿಟ್ಟ. ಕುದುರೆಗೆ ಹುರುಳಿ ಬೇಯಿಸುತ್ತಿದ್ದ ಲಾಯದ ಮುದುಕನನ್ನು ಪೆಟ್ರೋಲ್ ಹೊಯ್ಯುವುದಕ್ಕೂ ಗಾಡಿ ಒರೆಸುವುದಕ್ಕೂ ಇಟ್ಟುಕೊಂಡ. ಮುದುಕ ದಿನಾ ಬೆಳಿಗ್ಗೆ ಆ ಕಬ್ಬಿಣದ ಬೆನ್ನು ತಟ್ಟಿ, 'ಇದು ತಿನ್ನೋದೂ ಇಲ್ಲ, ಕೂಗೋದು ಮಾತ್ರ' ಎಂದು ಬೈದುಕೊಂಡೇ ಒರೆಸುತ್ತಿದ್ದ.

ಹದಿನೈದು ದಿನಕ್ಕೆ ದೊರೆ ಆಸ್ಪತ್ರೆಗೆ ಬಂದ. ಎರಡು ಕೈಯನ್ನೂ ನನ್ನ ಮೇಜಿನ ಮೇಲೆ ಇಟ್ಟ.

"ಕಾಂಪೌಂಡರ್, ಕೈಗೆ ಜ್ವರ ಬಂತು."

"ಕೈಗೆ ಮಾತ್ರವೇ, ದೊರೆಗಳೇ?"

"ಕೈಗೆ ಮಾತ್ರ. ನಿಮ್ಮ ಊರಿನ ಜ್ವರ ಬಹಳ ಕೆಟ್ಟದು. ಕ್ವಿನೈನ್ ಕೊಡು."

ಜಲ್ಲಿ ರಸ್ತೆಯಲ್ಲಿ ದಿನಾ ಹದಿನಾಲ್ಕು ಮೈಲಿ ಹ್ಯಾಂಡಲ್ ಹಿಸುಕಿಕೊಂಡು ಹೋದರೆ ಕೈ ಜೋಮು ಹಿಡಿಯದೆ ಇನ್ನೇನಾಗುತ್ತದೆ ಎಂದು ಹೇಳಬೇಕೆಂದಿದ್ದೆ. ಆದರೆ ಆ ಕಾಲದಲ್ಲಿ ದೊರೆಯ ಕೈನೋವಿಗೆ ದೊರೆಯೇ ಕಾರಣ ಎಂದು ಹೇಳುವ ಕಾಂಪೌಂಡರ್ ಹುಟ್ಟಿರಲಿಲ್ಲ. ಕ್ವಿನೈನ್ ಕೊಟ್ಟೆ. ಹೊತ್ತಿಗೆ ಒಂದು ಎಂದರೆ ಅವನು ಮೂರು ನುಂಗಿದ. ದೊರೆಗಳಿಗೆ ಎಲ್ಲವೂ ಜಾಸ್ತಿಯೇ ಬೇಕಲ್ಲ.

ಮೂರನೇ ದಿನ ಮತ್ತೆ ಬಂದ. ಹೊರಗೆ ಗಾಡಿ ಡಬಡಬ ಎಂದು ಬಡಿದುಕೊಳ್ಳುತ್ತಿತ್ತು, ಜಗಲಿಯಲ್ಲಿ ಕೂತಿದ್ದ ರೋಗಿಗಳೆಲ್ಲ ಕಿವಿ ಮುಚ್ಚಿಕೊಂಡಿದ್ದರು. ದೊರೆ ನನ್ನೆದುರು ನಿಂತು ಗಂಟಲು ಹರಿಯುವ ಹಾಗೆ ಕೂಗಿದ.

"ಗಾಡಿ ನಿಮ್ಮ ಗೇಟಿನಲ್ಲಿ ಸತ್ತು ಹೋಯ್ತು! ಇಂಜಿನ್ ಶಬ್ದವೇ ಇಲ್ಲ!"

ಕ್ವಿನೈನ್ ಅತಿಯಾದರೆ ಕಿವಿ ಗುಂಯ್ ಎಂದು ಮುಚ್ಚಿಕೊಳ್ಳುತ್ತದೆ ಎಂಬುದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮುದುಕ ಓಡಿಬಂದು ಇಂಜಿನ್ ನಿಲ್ಲಿಸಿ, "ಸತ್ತಿರೋದು ಗಾಡಿ ಅಲ್ಲ ಸಾಮಿ" ಎಂದು ನನ್ನ ಕಿವಿಯಲ್ಲಿ ಹೇಳಿ, ಗಾಡಿಯನ್ನು ತಳ್ಳಿಕೊಂಡು ಎಸ್ಟೇಟಿಗೆ ಹೋದ. ಗಾಡಿ ಕೆಟ್ಟಿದೆ ಎಂದು ದೊರೆ ಎಂಟು ದಿನ ಅದನ್ನು ಮುಟ್ಟಲಿಲ್ಲ. ಎಂಟು ದಿನ ಸುಮ್ಮನಿದ್ದ ಕೈ ತಾನಾಗಿಯೇ ವಾಸಿಯಾಯಿತು. ಕೈಜ್ವರಕ್ಕೆ ನಾನು ಕೊಟ್ಟ ಔಷಧ ರಾಮಬಾಣ ಎಂದು ಅವನು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಸರ್ಟಿಫಿಕೇಟು ಈಗಲೂ ನನ್ನ ಮನೆ ಗೋಡೆಯ ಮೇಲಿದೆ.

೨. ಸಲಾಂ ರೈಟರು

ಆಮೇಲೆ ದೊರೆ ಒಂದು ಮೋಟರು ಕಾರು ತರಿಸಿಕೊಂಡ. ಮೋಟರ್ ಸೈಕಲ್ಲನ್ನು ಟಪಾಲು ತರುವ ಕೆಲಸಕ್ಕೆ ಎಸ್ಟೇಟಿನ ರೈಟರಿಗೆ ಬಿಟ್ಟುಕೊಟ್ಟ. ರೈಟರು ಎಂದರೆ ಕೂಲಿಗಳ ಹಾಜರಿ ಬರೆಯುವವರು. ಆದರೆ ಗಾಡಿ ಕೈಗೆ ಬಂದ ದಿನದಿಂದ ಅವರ ನಡಿಗೆ ನೋಡಿದರೆ ಕೊಡಗಿನ ಚೀಫ್ ಕಮಿಷನರೇ ಇವರ ಕೈಕೆಳಗೆ ಕೆಲಸ ಮಾಡುವ ಹಾಗಿತ್ತು.

ತಿಂಗಳಾಗುವಷ್ಟರಲ್ಲಿ ಅವರೂ ಬಂದರು. ಬಲಭುಜದಲ್ಲಿ ಕುಟ್ಟುವ ಹಾಗೆ ನೋವು, ಎಡಗೈ ಮಣಿಕಟ್ಟು ಊದಿಕೊಂಡಿದೆ. ನಾನು ಎಣ್ಣೆ ತಿಕ್ಕಿದೆ, ಪಟ್ಟಿ ಕಟ್ಟಿದೆ. ಸೋಮವಾರಕ್ಕೆ ಸರಿಹೋಗಿದೆ ಎನ್ನುವರು, ಸಂತೆಯ ಮಾರನೇ ದಿನ ಮತ್ತೆ ನರಳಿಕೊಂಡು ಬರುವರು. ಒಂದು ಭುಜ, ಒಂದು ಮಣಿಕಟ್ಟು, ಅದೂ ಸಂತೆಯ ಮಾರನೇ ದಿನವೇ ಯಾಕೆ? ನನ್ನ ಯಾವ ಪುಸ್ತಕದಲ್ಲೂ ಇಂಥ ರೋಗ ಇರಲಿಲ್ಲ.

ಕೊನೆಗೆ ಲಾಯದ ಮುದುಕನನ್ನು ಕೇಳಿದೆ. ಅವನು ನಕ್ಕ.

"ಸಂತೆ ದಿನ ಬಂದು ರಸ್ತೇಲಿ ನಿಂತ್ಕೊಳ್ಳಿ ಸಾಮಿ."

ನಿಂತೆ. ರೈಟರು ಬಂದರು. ಎಡಗೈ ಒಂದರಲ್ಲೇ ಗಾಡಿ, ಬಲಗೈ ಹಣೆಯ ಹತ್ತಿರ. ಮೆಣಸಿನ ಮೂಟೆಯವನಿಗೆ ಸಲಾಂ, ಬಳೆಯವಳಿಗೆ ಸಲಾಂ, ಯಾರೂ ಕೇಳದಿದ್ದರೂ ಎಲ್ಲರಿಗೂ ಸಲಾಂ. ಸಂತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದವರು ಅಲ್ಲಿ ತಿರುಗಿಸಿಕೊಂಡು ಮತ್ತೆ ಬಂದರು. ಟಪಾಲು ಆಫೀಸು ಇದ್ದದ್ದು ಸಂತೆಯ ಈಚೆಗೇ. ಆಚೆಗೆ ಹೋಗುವ ಕೆಲಸವೇ ಅವರಿಗಿರಲಿಲ್ಲ.

ಮಾರನೇ ದಿನ ಭುಜ ಹಿಡಿದುಕೊಂಡು ಬಂದಾಗ ನಾನು ಗಂಭೀರವಾಗಿ ಹೇಳಿದೆ: "ರೈಟರೇ, ಇದಕ್ಕೆ ಎಣ್ಣೆ ಬೇಡ. ಸಂತೆ ದಿನ ಒಂದು ಬಿಟ್ಟು ಬೇರೆ ದಿನ ಗಾಡಿ ಓಡಿಸಿ. ನೋವು ಬಂದರೆ ನನ್ನನ್ನು ಕೇಳಿ."

ಅವರು ನನ್ನ ಮುಖವನ್ನು ಕನಿಕರದಿಂದ ನೋಡಿದರು.

"ಬೇರೆ ದಿನ ಹೋದ್ರೆ ನನ್ನನ್ನ ನೋಡೋದು ಯಾರು ಕಾಂಪೌಂಡರ್ರೇ, ಎಮ್ಮೆಗಳಾ?"

೩. ಕೋಳಿಮರಿ

ಇಷ್ಟಾದ ಮೇಲೆ ನನಗೊಂದು ಕುತೂಹಲ ಹುಟ್ಟಿತು. ದಿನಾ ಗಾಡಿಯನ್ನು ಲಾಯದಿಂದ ಬಂಗಲೆಗೆ, ಬಂಗಲೆಯಿಂದ ಲಾಯಕ್ಕೆ ಓಡಿಸುತ್ತಿದ್ದವನು ಆ ಮುದುಕ. ಅರವತ್ತು ದಾಟಿದೆ, ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇಲ್ಲ, ಆದರೂ ಒಂದು ದಿನ ಕೈನೋವೆಂದು ಬಂದವನಲ್ಲ. ಯಾಕೆಂದು ಕೇಳಿದೆ.

"ಲಗಾಮು ಎಳೆದು ಹಿಡಿದೋನು ಕುದ್ರೆ ಬಾಯೂ ಕೆಡಿಸ್ತಾನೆ, ತನ್ನ ಕೈಯೂ ಕೆಡಿಸ್ಕೊಳ್ತಾನೆ ಸಾಮಿ. ಮೈಭಾರ ಕೈ ಮೇಲೆ ಹಾಕ್ಬಾರ್ದು. ನೆಟ್ಟಗೆ ಕೂತು ಮೊಣಕಾಲಲ್ಲಿ ಗಾಡಿ ಹಿಡೀಬೇಕು, ಮೊಣಕೈ ಸಡಿಲ ಬಿಡ್ಬೇಕು. ಕೈಯೊಳಗೆ ಕೋಳಿಮರಿ ಇದೆ ಅಂತ ತಿಳ್ಕೊಳ್ಳಿ. ಅಮುಕಿದ್ರೆ ಸಾಯುತ್ತೆ, ಬಿಟ್ರೆ ಓಡುತ್ತೆ. ಎರಡು ಮೈಲಿಗೊಂದ್ಸಲ ಇಳಿದು ಕೈ ಕೊಡವಿ, ಒಂದು ಎಲೆ ಅಡಿಕೆ ಹಾಕ್ಕೊಳ್ಳಿ. ಅಷ್ಟೇ."

ಅಷ್ಟೇ! ಹಡಗಿನಲ್ಲಿ ಬಂದವನಿಗೆ ತಿಳಿಯದ್ದು, ಹಾಜರಿ ಬರೆಯುವವನಿಗೆ ತಿಳಿಯದ್ದು, ಹುರುಳಿ ಬೇಯಿಸುವವನಿಗೆ ತಿಳಿದಿತ್ತು. ನಾನು ಮರುದಿನದಿಂದಲೇ ಈ ವಿದ್ಯೆಯನ್ನು ನನ್ನದೇ ಎಂಬಂತೆ ರೋಗಿಗಳಿಗೆ ಹೇಳತೊಡಗಿದೆ. ಮುದುಕನ ಹೆಸರು ಎತ್ತಲಿಲ್ಲ. ಎತ್ತಿದರೆ ಯಾರು ನಂಬುತ್ತಾರೆ ಎಂಬುದು ಆಗ ನಾನು ನನಗೆ ಹೇಳಿಕೊಂಡ ನೆಪ.

ನಾನೂ ಒಂದು ಸಲ ಹತ್ತಿ ನೋಡಿದೆ. ಮುದುಕ ಪಕ್ಕದಲ್ಲೇ ಓಡಿಬಂದ. ಎಸ್ಟೇಟಿನ ಗೇಟಿನಿಂದ ಮೊದಲ ತಿರುವಿನವರೆಗೆ ನಾನು ಹೋದದ್ದು ನೂರು ಗಜ. ಇಳಿದು, "ಹೇಗಿತ್ತು?" ಎಂದೆ.

"ಚೆನ್ನಾಗಿತ್ತು ಸಾಮಿ. ಮರಿ ಮಾತ್ರ ಗೇಟಿನ ಹತ್ರವೇ ಸತ್ತೋಯ್ತು."

೪. ಜಮಾದಾರರ ಅಭ್ಯಾಸ

ಕಡೆಗೆ ಗಾಡಿಯನ್ನು ಕೊಂಡವರು ನಮ್ಮೂರಿನ ಪೆನ್ಷನ್ ಜಮಾದಾರರು. ಮಹಾಯುದ್ಧಕ್ಕೆ ಹೋಗಿಬಂದವರು. ಅಲ್ಲಿ ಅವರ ಕೆಲಸ ಕಂಬಳಿ ಉಗ್ರಾಣ ಕಾಯುವುದಾಗಿತ್ತು ಎಂಬುದು ಊರಿಗೆಲ್ಲ ಗೊತ್ತು. ಆದರೆ ಅವರು ಮಾತಾಡುವಾಗ ಆ ಕಂಬಳಿಗಳ ಮೇಲೆ ಗುಂಡಿನ ಮಳೆ ಸುರಿಯುತ್ತಿತ್ತು. ಗಾಡಿ ಹೊರಡಬೇಕೆಂದರೆ ಲಾಯದ ಮುದುಕನೇ ಒದೆಯಬೇಕು, ಜಮಾದಾರರು ಒದ್ದರಂತೂ ಹೊರಡುವುದೇ ಇಲ್ಲ. ಆದ್ದರಿಂದ ಗಾಡಿಯ ಜೊತೆಗೆ ಅವನನ್ನೂ ಮನೆಗೆ ಕರೆದುಕೊಂಡು ಹೋದರು.

ಗಾಡಿ ಬಂದು ವಾರವಾಗಿರಲಿಲ್ಲ, ಜಮಾದಾರರ ತಂಗಿ ಆಸ್ಪತ್ರೆಗೆ ಬಂದರು. ಕಣ್ಣಲ್ಲಿ ನೀರು.

"ಕಾಂಪೌಂಡರ್ರೇ, ನಮ್ಮ ಅಣ್ಣಯ್ಯನ ಕೈ ನಡುಗುತ್ತಿದೆ. ಕಾಫಿ ಲೋಟ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಅಂಗಿ ಮೇಲೆ ಇರುತ್ತೆ. ನನ್ನ ಮಗನ ಮದುವೆಗೆ ಇನ್ನು ಇಪ್ಪತ್ತು ದಿನ. ಬಾಳೆ ಕಡಿಯಬೇಕಾದವನು ಅವನೇ!"

ಕೊಡವರ ಮದುವೆಯಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಬಂದಾಗ ಅಂಗಳದಲ್ಲಿ ಮೂರು ಬಾಳೆಕಂಬ ನಿಲ್ಲಿಸಿರುತ್ತಾರೆ. ಸೋದರಮಾವ ಒಡಿಕತ್ತಿ ಎತ್ತಿ ಒಂದೊಂದಕ್ಕೆ ಒಂದೇ ಏಟು ಹಾಕಬೇಕು, ಕಂಬ ಕಡಿದು ಬೀಳಬೇಕು. ಎರಡನೇ ಏಟು ಬಿತ್ತೋ, ಹೆಣ್ಣಿನ ಕಡೆಯ ಅಜ್ಜಿಯರು ಸೆರಗು ಬಾಯಿಗಿಟ್ಟು ನಗುತ್ತಾರೆ. ಆ ನಗು ಮೂರು ತಲೆಮಾರು ಕೇಳಿಸುತ್ತದೆ. ಆಕೆಯ ಗಂಡ ಸತ್ತು ಬಹಳ ವರ್ಷವಾಗಿತ್ತು. ಒಬ್ಬನೇ ಮಗ. ಆಕೆಗೆ ಆ ಅಂಗಳದಲ್ಲಿ ತಲೆಯೆತ್ತಿ ನಿಲ್ಲುವ ದಿನ ಅದೊಂದೇ.

"ಮದುವೆ ಮುಗಿಯುವವರೆಗೆ ಆ ಗಾಡಿ ಬಿಡಿಸಿ. ನಾನು ಹೇಳಿದರೆ ಕೇಳುವುದಿಲ್ಲ, ನೀವು ಔಷಧದ ಮನುಷ್ಯ" ಎಂದರು. ನನಗೆ ನಿಜವಾಗಿ ಮರುಕವಾಯಿತು. ಬಿಡಿಸುತ್ತೇನೆ ಎಂದು ಮಾತು ಕೊಟ್ಟೆ.

ಜಮಾದಾರರಿಗೆ ಮೊದಲು ಕೋಳಿಮರಿ ವಿದ್ಯೆ ಹೇಳಿದೆ. ಅವರ ಮೀಸೆ ಅದುರಿತು.

"ಕೋಳಿಮರಿ ಹಿಡಿಯೋಕೆ ನನ್ನ ಹೆಂಡತಿ ಇದ್ದಾಳೆ. ನಾನು ಶತ್ರುವಿನ ಕತ್ತು ಹಿಡಿದವನು!"

ಶತ್ರುವಿನದೋ ಕಂಬಳಿಯದೋ, ಹಾಗೆ ಹಿಡಿದೇ ಅವರಿಗೆ ಅಭ್ಯಾಸವಾಗಿತ್ತು. ಹ್ಯಾಂಡಲ್ ಮೇಲೆ ಬಗ್ಗಿ, ಮೊಣಕೈ ಕೋಲಿನ ಹಾಗೆ ಸೆಟೆಸಿ, ಹಲ್ಲು ಕಚ್ಚಿಕೊಂಡು ಓಡಿಸುತ್ತಿದ್ದರು. ಇಳಿದಾಗ ಬೆರಳುಗಳು ಕೊಕ್ಕೆಯಾಗಿ ಮುರುಟಿಕೊಂಡಿರುತ್ತಿದ್ದವು. ಒಂದೊಂದನ್ನೇ ಮುದುಕ ಬಿಡಿಸಬೇಕು.

ನಾನು ಇನ್ನೊಂದು ಉಪಾಯ ಮಾಡಿದೆ. ಒಂದು ಬಾಟಲಿ ಎಣ್ಣೆ ಕೊಟ್ಟು, "ಇದನ್ನು ಹಚ್ಚುವಷ್ಟು ದಿನ ಪೆಟ್ರೋಲಿನ ವಾಸನೆ ಮೂಗಿಗೆ ಬೀಳಬಾರದು, ಬಿದ್ದರೆ ಔಷಧ ತಿರುಗಿಬೀಳುತ್ತದೆ" ಎಂದು ಸುಳ್ಳು ಹೇಳಿದೆ. ಜಮಾದಾರರು ಶಿಸ್ತಿನ ಮನುಷ್ಯ. ಮಾರನೇ ದಿನದಿಂದ ಮೂಗಿಗೆ ಹತ್ತಿ ತುರುಕಿಕೊಂಡು ಗಾಡಿ ಓಡಿಸಿದರು.

ಸಂಜೆ ಹೊತ್ತು ಹಿತ್ತಲಲ್ಲಿ ಬಾಳೆ ಕಡಿಯುವ ಅಭ್ಯಾಸವೂ ನಡೆಯಿತು. ಬೆರಳು ಬಿಡಿಸಿಕೊಂಡ ಕೈಯಲ್ಲಿ ಹಿಡಿತವೇ ಇಲ್ಲ. ಮೊದಲನೇ ದಿನ ಕತ್ತಿ ಕೈಜಾರಿ ದನದ ಕೊಟ್ಟಿಗೆಯ ಮಾಡಿನ ಮೇಲೆ ಬಿತ್ತು. ಎರಡನೇ ದಿನ ಮೆಣಸಿನ ಬಳ್ಳಿಯನ್ನು ಕಡಿಯಿತು. ಮೂರನೇ ದಿನದಿಂದ ಮನೆಯವರೆಲ್ಲ ಸಂಜೆಯಾದರೆ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದರು. ಇಡೀ ಹಿತ್ತಲಲ್ಲಿ ಒಂದಿಷ್ಟೂ ಪೆಟ್ಟಾಗದೆ ಉಳಿದದ್ದು ಆ ಬಾಳೆಗಿಡಗಳೇ.

೫. ಮದುವೆ

ಮದುವೆಯ ದಿನ ಹೆಣ್ಣಿನ ಮನೆಗೆ ಪೊನ್ನಂಪೇಟೆಯ ಆಚೆಗೆ ಆರು ಮೈಲಿ ಹೋಗಬೇಕಿತ್ತು. ಎಲ್ಲರೂ ಎತ್ತಿನ ಗಾಡಿಯಲ್ಲಿ. ಜಮಾದಾರರು ಮಾತ್ರ ಕಪ್ಪು ಕುಪ್ಯದ ನಿಲುವಂಗಿ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆಯ ಪಟ್ಟಿ ಬಿಗಿದು, ತಲೆಗೆ ಮದುವೆಯ ಪೇಟ ಕಟ್ಟಿ ಮೋಟರ್ ಸೈಕಲ್ ಹತ್ತಿದರು. ತಂಗಿ ಕಾಲು ಹಿಡಿಯುವುದೊಂದು ಬಾಕಿ.

"ಅಣ್ಣಯ್ಯ, ಇವತ್ತು ಒಂದು ದಿನ ಎತ್ತಿನ ಗಾಡೀಲಿ ಬಾ."

"ಜಮಾದಾರ ಎತ್ತಿನ ಬಾಲ ನೋಡಿಕೊಂಡು ಹೋದ ಅಂತ ಹೆಣ್ಣಿನ ಕಡೆಯವರು ನಗಬೇಕಾ?"

ಮುದುಕ ಒದ್ದ, ಗಾಡಿ ಹೊರಟಿತು. ಆದರೆ ದಿಬ್ಬಣದ ಮುಂದೆ ವಾಲಗದವರು, ಅವರು ನಡೆಯುವುದು ಊದಿಕೊಂಡು, ಬಾರಿಸಿಕೊಂಡು, ನಿಧಾನವಾಗಿ. ಅವರನ್ನು ಹಿಂದೆ ಹಾಕಿದರೆ ಸೋದರಮಾವ ಮದುವೆ ಬಿಟ್ಟು ಓಡಿಹೋದ ಹಾಗೆ. ಆದ್ದರಿಂದ ಆರು ಮೈಲಿಯೂ ಜಮಾದಾರರು ಎಡಗೈಯಲ್ಲಿ ಕ್ಲಚ್ಚು ಹಿಸುಕಿ, ಬಲಗೈಯಲ್ಲಿ ಬ್ರೇಕು ಹಿಸುಕಿ, ವಾಲಗದವರ ಬೆನ್ನ ಹಿಂದೆ ಆಮೆಯ ಹಾಗೆ ತೆವಳಿದರು. ಎತ್ತಿನ ಗಾಡಿಯಲ್ಲಿದ್ದ ನಾನೂ ಮುದುಕನೂ ಆ ಕೈಗಳನ್ನೇ ನೋಡುತ್ತಿದ್ದೆವು. ಮೂರನೇ ಮೈಲಿಗೆ ಬೆರಳ ಗೆಣ್ಣು ಬೆಳ್ಳಗಾಗಿತ್ತು.

"ಮರಿ?" ಎಂದು ಕೇಳಿದೆ.

"ಮರಿ, ತಾಯಿಕೋಳಿ, ಎಲ್ಲಾ ಹೋಯ್ತು ಸಾಮಿ" ಎಂದ ಮುದುಕ.

ಹೆಣ್ಣಿನ ಮನೆಯ ಅಂಗಳ ತುಂಬಿತ್ತು. ಮೂರು ಬಾಳೆಕಂಬ ನಿಂತಿದ್ದವು, ಒಂದೊಂದೂ ತೊಡೆಯಷ್ಟು ದಪ್ಪ. ಜಗಲಿಯ ಮೇಲೆ ಅಜ್ಜಿಯರು ಸಾಲಾಗಿ ಕೂತು ಸೆರಗಿನ ತುದಿಯನ್ನು ಆಗಲೇ ಕೈಯಲ್ಲಿ ಹಿಡಿದಿದ್ದರು. ಗಾಡಿಯಿಂದ ಇಳಿದ ಜಮಾದಾರರ ಎರಡೂ ಕೈ ಗಾಳಿಯಲ್ಲಿ ಇಲ್ಲದ ಹ್ಯಾಂಡಲನ್ನು ಹಿಡಿದುಕೊಂಡೇ ಇದ್ದವು. ತಂಗಿ ಅದನ್ನು ಕಂಡು ನನ್ನ ಕಡೆ ತಿರುಗಿದರು. ಕೊಟ್ಟ ಮಾತು ನೆನಪಾಗಿ ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

"ಜಮಾದಾರರೇ, ಕಡಿಯುವ ಕೆಲಸ ಬೇರೆ ಯಾರಿಗಾದರೂ ಕೊಡಿ" ಎಂದು ಪಿಸುಗುಟ್ಟಿದೆ.

"ಕತ್ತಿ ತನ್ನಿ" ಎಂದರು.

ಬಲಗೈಯ ಬೆರಳು ತೆರೆಯಲಿಲ್ಲ. ಪೊರಕೆಗೆ ಹಿಡಿ ತುರುಕುವ ಹಾಗೆ ಮುದುಕ ಆ ಮುಷ್ಟಿಯೊಳಗೆ ಒಡಿಕತ್ತಿಯ ಹಿಡಿಯನ್ನು ತಿರುಗಿಸಿ ತಿರುಗಿಸಿ ತುರುಕಿದ. ಜಮಾದಾರರು ಕೈಯೆತ್ತಿದರು. ನಾನು ಕಣ್ಣು ಮುಚ್ಚಿದೆ.

ಚಕ್. ಚಕ್. ಚಕ್.

ಕಣ್ಣು ಬಿಟ್ಟರೆ ಮೂರು ಕಂಬವೂ ನೆಲದ ಮೇಲೆ! ಇಕ್ಕಳದ ಹಾಗೆ ಕಚ್ಚಿಕೊಂಡಿದ್ದ ಮುಷ್ಟಿಯೊಳಗೆ ಕತ್ತಿ ಒಂದು ಎಳೆಯಷ್ಟೂ ಅಲುಗಿರಲಿಲ್ಲ. ಅಂಥ ಏಟು ಆ ಊರಿನವರು ಕಂಡಿರಲಿಲ್ಲ. ವಾಲಗ ಮೊಳಗಿತು, ಅಜ್ಜಿಯರು ಸೆರಗು ಕೆಳಗಿಟ್ಟರು, ತಂಗಿ ಹೋ ಎಂದು ಸಂತೋಷಕ್ಕೆ ಅತ್ತರು. ಇಪ್ಪತ್ತು ದಿನ ಈ ಮನುಷ್ಯನನ್ನು ಹೀಗಳೆದ ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳು ಹೇಳುವುದಿಲ್ಲ.

ಹೆಣ್ಣಿನ ಅಪ್ಪ ಕತ್ತಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಗೌರವದಿಂದ ಎರಡೂ ಕೈ ಚಾಚಿದರು. ಜಮಾದಾರರು ಕೊಡಲಿಲ್ಲ. ಕೊಡುವುದು ಅವರ ಕೈಯಲ್ಲಿ ಇರಲೂ ಇಲ್ಲ. ನಾನು ಎಳೆದೆ, ಮದುಮಗ ಎಳೆದ, ಬೆರಳು ಬಿಚ್ಚಲಿಲ್ಲ. ಮುಹೂರ್ತ ಮೀರುತ್ತಿತ್ತು. ಜಮಾದಾರರು ತಲೆಯೆತ್ತಿ, "ಇದು ನಮ್ಮ ಒಕ್ಕದ, ನಮ್ಮ ಮನೆತನದ ಪದ್ಧತಿ" ಎಂದು ಘೋಷಿಸಿ ಕತ್ತಿ ಸಮೇತ ಒಳಗೆ ನಡೆದರು. ಹೆಣ್ಣಿಗೆ ಅಕ್ಕಿ ಹಾಕಿ ಹರಸಬೇಕು. ಎಡಗೈಯಲ್ಲಿ ಹಾಕುವಂತಿಲ್ಲ. ಕತ್ತಿಯ ಅಲಗಿನ ಮೇಲೆ ನಾಲ್ಕು ಕಾಳು ಇಡಿಸಿಕೊಂಡು ಹೆಣ್ಣಿನ ತಲೆಯ ಮೇಲೆ ಉದುರಿಸಿದರು. ಆ ಹುಡುಗಿ ಧೈರ್ಯವಂತೆ, ಕಣ್ಣು ಮಾತ್ರ ಮುಚ್ಚಿಕೊಂಡಳು. ಊಟಕ್ಕೆ ಕೂತಾಗ ಅವರ ಬಲಗಡೆಯ ಎಲೆ ಖಾಲಿಯೇ ಉಳಿಯಿತು.

ಹೆಣ್ಣನ್ನು ಕರೆದುಕೊಂಡು ಹೊರಡುವಾಗ ಇನ್ನೊಂದು ಪದ್ಧತಿ ಇದೆ. ಹೆಣ್ಣಿನ ಮಾವನ ಮಗ ದಾರಿಗೆ ಅಡ್ಡ ನಿಂತು, ಈಕೆಯ ಮೇಲೆ ನನಗೆ ಹಕ್ಕಿದೆ ಎನ್ನುತ್ತಾನೆ. ಗಂಡಿನ ಕಡೆಯವರು ಮುಂದೆ ಬಂದು ಒಂದು ನಾಣ್ಯ ಕೊಟ್ಟು ದಾರಿ ಬಿಡಿಸಿಕೊಳ್ಳಬೇಕು. ಇಲ್ಲಿಯೂ ಒಬ್ಬ ಗಟ್ಟಿಮುಟ್ಟಾದ ತರುಣ ಎದೆಯುಬ್ಬಿಸಿ ಅಡ್ಡ ನಿಂತ. ಸಮಾಧಾನ ಮಾಡಲೆಂದು ಜಮಾದಾರರು ನಗುನಗುತ್ತಲೇ ಮುಂದೆ ಹೋಗಿ ಅವನ ಹೆಗಲ ಮೇಲೆ ಬಲಗೈ ಇಡಲು ಎತ್ತಿದರು.

ತರುಣ ಕಾಫಿ ತೋಟದೊಳಗೆ ಹಾರಿದ್ದು ಕಂಡಿತು, ಹೊರಗೆ ಬಂದದ್ದನ್ನು ನಾವು ಯಾರೂ ಕಾಣಲಿಲ್ಲ. ಕೊಡಗಿನಲ್ಲಿ ನಾಣ್ಯ ತೆಗೆದುಕೊಳ್ಳದೆ ದಾರಿ ಬಿಟ್ಟ ಮಾವನ ಮಗ ಅವನೊಬ್ಬನೇ ಇರಬೇಕು.

ಮುಷ್ಟಿ ಬಿಚ್ಚಿದ್ದು ಕೊನೆಗೆ ಮುದುಕನೇ. ಕುದುರೆ ಕಾಲಿಗೆ ಕಟ್ಟುವ ಹಾಗೆ ಬಿಸಿನೀರಿನಲ್ಲಿ ಅದ್ದಿದ ಗೋಣಿಚೀಲವನ್ನು ಸುತ್ತಿ, ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಕೂತ. ಬೆರಳು ಒಂದೊಂದಾಗಿ ಸಡಿಲವಾಯಿತು. ಕತ್ತಿ ತೆಗೆದುಕೊಳ್ಳುತ್ತ, "ಜಮಾದಾರ್ ಸಾಮಿ, ವಾಪಸು ಹೋಗೋವಾಗಾದ್ರೂ ಕೋಳಿಮರಿ..." ಎಂದ. ಜಮಾದಾರರು ನೆಟ್ಟಗೆ ಹೋಗಿ ಎತ್ತಿನ ಗಾಡಿ ಹತ್ತಿದರು. ಮೋಟರ್ ಸೈಕಲ್ಲನ್ನು ಮುದುಕನೇ ಓಡಿಸಿಕೊಂಡು ಬಂದ, ಎರಡು ಮೈಲಿಗೊಮ್ಮೆ ಇಳಿದು ಎಲೆ ಅಡಿಕೆ ಹಾಕಿಕೊಂಡು.

ಕೈನೋವಿನ ಕಥೆ ಇಲ್ಲಿಗೆ ಮುಗಿಯಿತು, ಇನ್ನು ಮೇಲಾದರೂ ಈ ಊರು ಹ್ಯಾಂಡಲನ್ನು ಮೆಲ್ಲಗೆ ಹಿಡಿಯುತ್ತದೆ ಎಂದುಕೊಂಡು ಸೋಮವಾರ ಆಸ್ಪತ್ರೆಯ ಬಾಗಿಲು ತೆಗೆದೆ. ಜಗಲಿಯಲ್ಲಿ ಮೂವರು ಗಟ್ಟಿ ಆಳುಗಳು ಕಾಯುತ್ತಿದ್ದರು. ಮೂವರ ಕೈಯೂ ಚೆನ್ನಾಗಿತ್ತು. ಔಷಧಕ್ಕೆ ಬರುವವರು ತರುವ ಹಾಗೆ ಮೂವರೂ ಮನೆಯಿಂದ ತೊಳೆದ ಖಾಲಿ ಬಾಟಲಿ ತಂದಿದ್ದರು.

"ಏನು ಕಾಯಿಲೆ?" ಎಂದೆ.

ಅವರಲ್ಲಿ ಹಿರಿಯರು ಆಚೀಚೆ ನೋಡಿ, ಮೇಜಿನ ಮೇಲೆ ಬಗ್ಗಿ, ಗುಟ್ಟಾಗಿ ಹೇಳಿದರು:

"ಕಾಯಿಲೆ ಇಲ್ಲ ಕಾಂಪೌಂಡರ್ರೇ. ಮುಂದಿನ ತಿಂಗಳು ನಾವು ಮೂವರೂ ಬಾಳೆ ಕಡಿಯಬೇಕು. ಮೋಟರ್ ಸೈಕಲ್ ತರೋ ಶಕ್ತಿ ನಮಗಿಲ್ಲ. ಜಮಾದಾರರಿಗೆ ಬಂದಿತ್ತಲ್ಲ, ಆ ಕೈನೋವು, ಅದನ್ನೇ ಒಂದೊಂದು ಬಾಟಲಿ ಹಾಕಿಕೊಡಿ."